ಅಕ್ಕಪಕ್ಕದ ಮನೆಗಳ ಸರಾಸರಿ

ಅಂತ್ಯಕ್ರಿಯೆ ಮುಗಿದು, ಬಂದವರೆಲ್ಲ ಹೊರಟುಹೋದ ಮೇಲಿನ ಮೊದಲ ಮಾಮೂಲಿ ಬೆಳಿಗ್ಗೆ, ಏಳು ಗಂಟೆಗೆ ಎರಡು ನಿಮಿಷ ಇರುವಾಗ, ಸೋದರಮಾವ ನನ್ನ ಮುಖದ ಮೇಲೆ ಟಾರ್ಚ್ ಬಿಟ್ಟರು.

ನಾನು ಅಡುಗೆಮನೆಯಲ್ಲಿ ನಿಂತಿದ್ದೆ. ಕಿಟಕಿಯಿಂದ ಬೇಕಾದಷ್ಟು ಬೆಳಕು ಬರುತ್ತಿತ್ತು.

"ಏನು ಮಾವ?"

"ಅಲುಗಾಡಬೇಡ. ರೀಡಿಂಗ್ ತಗೋತಿದೀನಿ."

ಮಾವ ಮೂವತ್ತನಾಲ್ಕು ವರ್ಷ ನೀರಿನ ಮೀಟರ್ ಓದಿ ನಿವೃತ್ತರಾದವರು. ಜಗತ್ತಿನಲ್ಲಿರುವ ಯಾವ ವಸ್ತುವನ್ನೇ ಆಗಲಿ, ಹತ್ತಿರ ಹೋಗಿ, ಬಗ್ಗಿ, ಟಾರ್ಚ್ ಬಿಟ್ಟು ನೋಡಿದರೆ ಒಂದು ಅಂಕಿ ಕಂಡೇ ಕಾಣುತ್ತದೆ ಎಂಬುದು ಅವರ ನಂಬಿಕೆ. ಅವರ ಹೆಂಡತಿ, ಅಂದರೆ ನನ್ನ ಅತ್ತೆ, ಅವರನ್ನು ನನ್ನ ಜೊತೆಗಿರಲು ಕಳಿಸಿಕೊಟ್ಟಿದ್ದರು. ಇದರಿಂದ ಉಪಕಾರವಾದದ್ದು ನನಗೋ ಅತ್ತೆಗೋ ಇನ್ನೂ ತೀರ್ಮಾನವಾಗಿಲ್ಲ.

ನನ್ನ ಗಂಡ ಬಸ್ಸಿನಿಂದ ಇಳಿಯುವಾಗ ಬಿದ್ದರು, ಎರಡು ದಿನ ಆಸ್ಪತ್ರೆಯಲ್ಲಿದ್ದರು, ತೀರಿಕೊಂಡರು. ಅದರ ಬಗ್ಗೆ ಇಷ್ಟೇ ಬರೆಯುತ್ತೇನೆ.

ಆಮೇಲೆ ಎದ್ದದ್ದು ನಾನು ಎಲ್ಲಿರಬೇಕು ಎಂಬ ಪ್ರಶ್ನೆ. ಗಂಡನ ಅಣ್ಣ, ಅಂದರೆ ಭಾವ, ತಮ್ಮ ಮನೆಗೆ ಕರೆದುಕೊಂಡು ಹೋಗುತ್ತೇನೆಂದು ಹಟ ಹಿಡಿದರು. ಇಸ್ತ್ರಿ ಮೇಜು ಇಡುವ ಕೋಣೆಯಲ್ಲಿ ನನಗೆ ಮಂಚವನ್ನೂ ಹಾಕಿಸಿಬಿಟ್ಟಿದ್ದರು. ನನ್ನ ಓರಗಿತ್ತಿ ಒಳ್ಳೆಯವರು. ಹತ್ತು ನಿಮಿಷಕ್ಕೊಮ್ಮೆ ಬಾಗಿಲು ತಟ್ಟಿ "ಏನ್ ಮಾಡ್ತಿದೀಯಾ?" ಎಂದು ಕೇಳುವಷ್ಟು ಒಳ್ಳೆಯವರು. ನನಗೆ ನನ್ನ ಮನೆ ಬಿಡಲು ಇಷ್ಟವಿರಲಿಲ್ಲ. ಆ ದಿನಗಳಲ್ಲಿ ನನಗೆ ಖಚಿತವಾಗಿ ಗೊತ್ತಿದ್ದದ್ದು ಇದೊಂದೇ.

ಆಸ್ಪತ್ರೆಯ ಕೌನ್ಸೆಲರ್ ಒಂದು ದಾರಿ ಹುಡುಕಿದರು. ನನ್ನ ಫೋನಿನಲ್ಲಿ ಒಂದು ಆಪ್ ಹಾಕಿಕೊಟ್ಟರು. ದಿನಾ ಬೆಳಿಗ್ಗೆ ಏಳಕ್ಕೆ ಅದು ಗುಂಯ್ ಎನ್ನುತ್ತದೆ. "ಇಂದು ನಿಮ್ಮ ದುಃಖ ಎಷ್ಟಿದೆ? ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕಿ ಕೊಡಿ. ಕಾರಣವನ್ನು ಒಂದು ಸಾಲಿನಲ್ಲಿ ಬರೆಯಿರಿ" ಎಂದು ಕೇಳುತ್ತದೆ. ಕೌನ್ಸೆಲರ್ ಅದನ್ನು ಓದಿ ಆಗಾಗ ಫೋನ್ ಮಾಡುತ್ತಾರೆ. ಹತ್ತಿರದ ಸಂಬಂಧಿಗೆ ವಾರದ ವರದಿ ಹೋಗುತ್ತದೆ. ಅಂಕಿ ಒಂಬತ್ತು ದಾಟಿದರೆ ಇಬ್ಬರಿಗೂ ತಕ್ಷಣ ಎಚ್ಚರಿಕೆ ಹೋಗುತ್ತದೆ.

ಹತ್ತಿರದ ಸಂಬಂಧಿ ಎಂಬಲ್ಲಿ ಭಾವ ತಮ್ಮ ನಂಬರು ಕೊಟ್ಟರು. ಕೊಟ್ಟು ಒಂದು ಷರತ್ತನ್ನೂ ಹಾಕಿದರು.

"ಮೂವತ್ತು ದಿನ. ಅಷ್ಟರಲ್ಲಿ ಒಂದೇ ಒಂದು ಸಲ ಎಚ್ಚರಿಕೆ ಬಂತೋ, ಮರುಮಾತಿಲ್ಲದೆ ನಮ್ಮ ಮನೆಗೆ ಹೊರಡಬೇಕು. ಬರದಿದ್ರೆ ಇಲ್ಲೇ ಇರು, ನಾನು ಬಾಯಿ ಬಿಡಲ್ಲ."

ಹಾಗಾಗಿ ಆ ಟಾರ್ಚು.

"ಸರಿ, ಎಷ್ಟು ಹಾಕಲಿ?" ಮಾವ ಫೋನನ್ನು ಎಡಗೈಯಲ್ಲಿ ಹಿಡಿದು, ಹಳೆಯ ಇಲಾಖೆಯ ನೋಟ್‌ಬುಕ್ಕನ್ನು ಮೊಣಕಾಲ ಮೇಲಿಟ್ಟುಕೊಂಡು ಕೇಳಿದರು.

ನಾನು ಯೋಚಿಸಿದೆ. ಒಳಗೆ ಯಾವ ಅಂಕಿಯೂ ಇರಲಿಲ್ಲ. "ಗೊತ್ತಾಗ್ತಿಲ್ಲ ಮಾವ."

"ಸ್ವಲ್ಪ ಒಳಗೆ ನೋಡು."

"ನೋಡಿದೆ."

ಮಾವ ಟಾರ್ಚ್ ಆರಿಸಿದರು. ಅವರ ಮುಖದಲ್ಲಿ ಬೇಸರವಿರಲಿಲ್ಲ, ವೃತ್ತಿಯ ಗಾಂಭೀರ್ಯವಿತ್ತು. "ಮನೆಗೆ ಬೀಗ ಹಾಕಿದೆ," ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. "ಯೋಚನೆ ಮಾಡಬೇಡ. ಇದಕ್ಕೆ ರೂಲು ಇದೆ. ಬೀಗ ಹಾಕಿದ್ರೆ ಹಿಂದಿನ ಮೂರು ತಿಂಗಳ ಸರಾಸರಿ. ಹೊಸ ಕನೆಕ್ಷನ್ ಆದ್ರೆ ಅಕ್ಕಪಕ್ಕದ ಮನೆಗಳ ಸರಾಸರಿ. ನೀನು ಹೊಸ ಕನೆಕ್ಷನ್."

ನಾನು ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ ಕಾಲೇಜಿನಲ್ಲಿ ಪಾಠ ಹೇಳುವವಳು. ಈ ವಿಧಾನದಲ್ಲಿ ಕನಿಷ್ಠ ನಾಲ್ಕು ದೋಷಗಳಿದ್ದವು. "ಮಾವ, ಅವರ ದುಃಖದ ಸರಾಸರಿ ನನ್ನದು ಹೇಗಾಗುತ್ತೆ?" ಎನ್ನುವಷ್ಟರಲ್ಲಿ ಅವರು ಚಪ್ಪಲಿ ಮೆಟ್ಟಿದ್ದರು.

ನಮ್ಮ ಕಟ್ಟಡದಲ್ಲಿ ನಾಲ್ಕೇ ಮನೆ. ಕೆಳಗೆ ಟೈಲರ್ ದಂಪತಿ. ಎದುರಿಗೆ ಕಾರು ಕಲಿಸುವ ಬ್ರೇಕ್ ಮೇಷ್ಟ್ರು. ಇಪ್ಪತ್ತು ವರ್ಷ ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು ಕೂತು, ಈಗ ಸುಮ್ಮನೆ ನಿಂತು ಮಾತಾಡುವಾಗಲೂ ಬಲಗಾಲಲ್ಲಿ ನೆಲ ಒತ್ತುತ್ತಾರೆ. ಮೇಲೆ ನಿವೃತ್ತ ಹೆಡ್‌ಮಿಸ್. ಮೆಟ್ಟಿಲಲ್ಲಿ ಯಾರು ಪಿಸುಗುಟ್ಟಿದರೂ ನಾಲ್ಕೂ ಮನೆಗೆ ಕೇಳುತ್ತದೆ. ನಾನು ಅಡುಗೆಮನೆಯಿಂದ ಬಾಗಿಲಿಗೆ, ಬಾಗಿಲಿಂದ ಅಡುಗೆಮನೆಗೆ ಓಡಾಡುತ್ತ ಕೇಳಿಸಿಕೊಂಡೆ. ಆ ತಿಂಗಳು ನಾನು ಯಾವ ಕುರ್ಚಿಯಲ್ಲೂ ಐದು ನಿಮಿಷ ಕೂರಲಿಲ್ಲ.

"ನಮಸ್ಕಾರ. ನಮ್ಮ ಹುಡುಗಿದು ರೀಡಿಂಗ್ ಸಿಗ್ತಿಲ್ಲ. ನಿಮ್ಮದು ಹೇಳಿಬಿಡಿ. ಹತ್ತಕ್ಕೆ ಎಷ್ಟು ದುಃಖ?"

"ನನಗೇನ್ರೀ ದುಃಖ? ಸೊನ್ನೆ," ಎಂದು ಹೆಡ್‌ಮಿಸ್ ಬಾಗಿಲು ಹಾಕಿಕೊಂಡರು. ಮಾವ ಹತ್ತು ಮೆಟ್ಟಿಲು ಇಳಿದಾಗ ಬಾಗಿಲು ಮತ್ತೆ ತೆರೆಯಿತು. "ರೀ ಮೀಟರ್‌ನೋರೇ! ಎರಡು ಮಾಡಿ."

ಬ್ರೇಕ್ ಮೇಷ್ಟ್ರು ನೆಲ ಒತ್ತಿ ಐದು ಎಂದರು. ಟೈಲರ್ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ನಾಲ್ಕು ಬೆರಳು ತೋರಿಸಿದರು.

ಒಟ್ಟು ಹನ್ನೊಂದು. ಭಾಗಿಸು ಮೂರು. ಅರ್ಧಕ್ಕಿಂತ ಮೇಲಿದ್ದರೆ ಮುಂದಿನ ಅಂಕಿ, ಅದೂ ರೂಲು. ಗಂಡನನ್ನು ಕಳೆದುಕೊಂಡ ನನ್ನ ಅಂದಿನ ಅಧಿಕೃತ ದುಃಖ ನಾಲ್ಕು. "ನೀವು ಚೆನ್ನಾಗಿ ನಿಭಾಯಿಸುತ್ತಿದ್ದೀರಿ!" ಎಂದು ಆಪ್ ಹೂವಿನ ಚಿತ್ರ ತೋರಿಸಿತು. ಮಾವ ಆ ಹೂವನ್ನು ನನಗೂ ತೋರಿಸಿದರು, ಹಾಲಿನವನಿಗೂ ತೋರಿಸಿದರು.

ನಾನು ಲೋಟ ತೊಳೆಯಲು ಹೋದೆ. ನಾಲ್ಕಾದರೆ ನಾಲ್ಕು. ಮನೆ ಉಳಿದರೆ ಸಾಕು.

ಮೊದಲ ವಾರದ ವರದಿ ಭಾವನಿಗೆ ಹೋಯಿತು. ಅರ್ಧ ಗಂಟೆಯಲ್ಲಿ ಫೋನ್ ಬಂತು. ಮಾತಾಡಿದ್ದು ಭಾವ, ಹಿಂದಿನಿಂದ ಹೇಳಿಕೊಟ್ಟದ್ದು ಓರಗಿತ್ತಿ.

"ನಾಲ್ಕು, ನಾಲ್ಕು, ಮೂರು, ನಾಲ್ಕು... ಏನಮ್ಮಾ ಇದು?"

"ಒಳ್ಳೇದಲ್ವಾ ಭಾವ? ಎಚ್ಚರಿಕೆ ಬರಲಿಲ್ಲ."

"ಒಳ್ಳೇದೇ... ಆದ್ರೂ ಮೂರು ಅಂದ್ರೆ..."

"ನಮ್ಮ ನಾಯಿ ಸತ್ತಾಗಲೇ ನನಗೆ ಆರಿತ್ತು, ಹೇಳ್ರೀ!" ಹಿಂದಿನಿಂದ ದನಿ.

"ಅವಳಿಗೆ ನಾಯಿ ಸತ್ತಾಗಲೇ ಆರಿತ್ತಂತೆ," ಎಂದರು ಭಾವ. "ತಪ್ಪು ತಿಳ್ಕೋಬೇಡ. ಜಾಸ್ತಿಯಾದ್ರೆ ನಮಗೆ ಗಾಬರಿ. ಕಮ್ಮಿಯಾದ್ರೆ ನಾಳೆ ನಾಲ್ಕು ಜನ ಕೇಳಿದ್ರೆ ಏನು ಹೇಳೋದು? ಆರು, ಆರೂವರೆ... ಆ ಥರ ಇಟ್ಕೊಳ್ಳಕ್ಕಾಗುತ್ತಾ ನೋಡು."

ಮಾವನಿಗೆ ಹೇಳಿದೆ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ರೀಡಿಂಗ್ ತಿದ್ದೋದಾ? ಮೂವತ್ತನಾಲ್ಕು ವರ್ಷ ಒಂದಂಕಿ ಆ ಕಡೆ ಈ ಕಡೆ ಮಾಡಿದವನಲ್ಲ. ದೊಡ್ಡ ಸಾಹೇಬರ ಮನೆಗೇ ಬಂದಷ್ಟು ಬರೆದವನು."

ಅಕ್ಕಪಕ್ಕದವರ ದುಃಖವನ್ನು ಕೂಡಿಸಿ ಭಾಗಿಸಿ ನನ್ನ ಹೆಸರಿಗೆ ಬರೆಯುವುದು ಸುಳ್ಳಲ್ಲ, ಅದನ್ನು ತಿದ್ದುವುದು ಮಾತ್ರ ಸುಳ್ಳು. ಇಂಥ ಪ್ರಾಮಾಣಿಕತೆಯ ಮುಂದೆ ವಾದ ನಡೆಯುವುದಿಲ್ಲ.

ಎರಡನೆಯ ವಾರ ಕೌನ್ಸೆಲರ್ ಫೋನ್ ಮಾಡಿದರು. ಮೆಲುದನಿಯ ಹೆಂಗಸು. "ನೀವು ಬರೆದ ಕಾರಣಗಳನ್ನು ಓದ್ತಿದ್ದೆ," ಎಂದರು.

ಕಾರಣದ ಸಾಲನ್ನೂ ಮಾವ ಬಿಟ್ಟಿರಲಿಲ್ಲ ಎಂದು ಆಗಷ್ಟೇ ನನಗೆ ತಿಳಿದದ್ದು.

"ಮಂಗಳವಾರ ಬರೆದಿದ್ದೀರಿ: 'ಕ್ಲಚ್ ಪೂರ್ತಿ ಸವೆದಿದೆ, ಗೇರ್ ಬೀಳುತ್ತಿಲ್ಲ.' ಇದನ್ನ ಸ್ವಲ್ಪ ವಿವರಿಸ್ತೀರಾ?"

ಎದುರು ಮನೆಯ ಕಾರು. ನಾನು ಸ್ವಲ್ಪ ಹೊತ್ತು ಯೋಚಿಸಿದೆ. "ಸವೆದಿದೆ," ಎಂದೆ.

"ಹ್ಞೂಂ. ಅರ್ಥವಾಗುತ್ತೆ. ಗುರುವಾರ: 'ಅಳತೆ ಸರಿಯಾಗಿಯೇ ತೆಗೆದಿದ್ದೆ. ಆದರೂ ಸೊಂಟ ಬಿಗಿ ಎಂದು ವಾಪಸ್ ಕಳಿಸಿದರು.'"

"ಹೌದು."

"ಯಾರು ಕಳಿಸಿದ್ದು ಅನ್ಸುತ್ತೆ ನಿಮಗೆ?"

"ಗಿರಾಕಿ."

ಆ ಕಡೆ ಪೆನ್ನು ಓಡಿತು. ಆಮೇಲೆ ಅವರು ನಿಟ್ಟುಸಿರು ಬಿಟ್ಟ ಸದ್ದು. "ನೀವು ತುಂಬ ಆಳವಾಗಿ ಬರೀತೀರಿ. ಬರೀತಾ ಇರಿ."

ಮಾವನಿಗೆ ಈ ಪ್ರಶಂಸೆ ತಲುಪಿಸಬಾರದಿತ್ತು. ಮರುದಿನದಿಂದ ಅವರು ಒಂದೊಂದು ಮನೆಗೆ ಮೂರು ನಿಮಿಷದ ಬದಲು ಹದಿನೈದು ನಿಮಿಷ ತೆಗೆದುಕೊಂಡರು. ಏಳರ ಬದಲು ಆರಕ್ಕೇ ಹೊರಟರು. ಅಕ್ಕಪಕ್ಕದವರೂ ಬಾಗಿಲು ತೆರೆದು ಕಾಯತೊಡಗಿದರು. ತಮ್ಮ ದುಃಖ ಎಷ್ಟೆಂದು ಬೆಳಗಾಗೆದ್ದು ಒಬ್ಬ ಮನುಷ್ಯ ಬಂದು ಕೇಳುವುದು ಅವರಿಗೆಲ್ಲ ಹೊಸದು.

"ಇವತ್ತು ಆರು ಹಾಕ್ಕೊಳ್ಳಿ ಮೀಟರ್ ಸಾಹೇಬ್ರೇ," ಟೈಲರ್ ಹೇಳುತ್ತಿದ್ದರು. "ಒಂದೇ ಪ್ಯಾಂಟು ಮೂರನೇ ಸಲ ವಾಪಸ್."

"ಅವರದು ಆರಾದ್ರೆ ನಂದೆಷ್ಟಾಗಬೇಕು?" ಒಳಗಿನಿಂದ ಅವರ ಹೆಂಡತಿ. "ಹನ್ನೊಂದು ಬರ್ಕೊಳ್ಳಿ!"

"ಹತ್ತರ ಮೇಲಿಲ್ಲ ತಾಯಿ."

"ಹಂಗಾದ್ರೆ ಹತ್ತು ಬರೆದು ಅಡಿಗೆರೆ ಹಾಕಿ!"

"ಒಂದು ಮನೆಗೆ ಒಂದೇ ರೀಡಿಂಗು. ನೀವಿಬ್ಬರೂ ಮಾತಾಡ್ಕೊಂಡು ಹೇಳಿ."

ಅವರು ಮಾತಾಡಿಕೊಂಡರು. ಆ ಮಾತು ಮಧ್ಯಾಹ್ನದವರೆಗೂ ಮೇಲಿನ ಮಹಡಿಗೆ ಕೇಳುತ್ತಿತ್ತು.

ಹೆಡ್‌ಮಿಸ್ಸಿನ ಸೊನ್ನೆ ನಿಧಾನವಾಗಿ ಏರಿ ಐದೂಮುಕ್ಕಾಲಿಗೆ ಬಂದು ನಿಂತಿತು. ಪೇಪರ್ ತಿದ್ದುವ ಅಭ್ಯಾಸದಿಂದ ಅವರು ಕಾಲು, ಅರ್ಧ ಅಂಕ ಕೊಡುವುದನ್ನು ಬಿಡಲಿಲ್ಲ. ಜೊತೆಗೆ ಮಾವನ ನೋಟ್‌ಬುಕ್ಕನ್ನು ತರಿಸಿಕೊಂಡು ಉಳಿದವರ ಅಂಕಿಗಳನ್ನೂ ಪರಿಶೀಲಿಸಿದರು. "ಬ್ರೇಕ್ ಮೇಷ್ಟ್ರಿಗೆ ಏಳಾ? ಯಾಕೆ? ಅವರಿಗೆ ಐದು ಸಾಕು," ಎಂದು ಕೆಂಪು ಪೆನ್ನಿನಲ್ಲಿ ತಿದ್ದಲು ಹೋದಾಗ ಮಾವ ನೋಟ್‌ಬುಕ್ಕನ್ನು ಕಿತ್ತುಕೊಂಡು ಬಂದರಂತೆ.

ದಿನಗಳು ಹೀಗೆ ಓಡಿದವು. ನಾನು ಬೀರು ತೆರೆದು ಮುಚ್ಚುತ್ತಿದ್ದೆ. ತೊಳೆದ ಲೋಟವನ್ನೇ ತೊಳೆಯುತ್ತಿದ್ದೆ. ಅಳು ಬರಲಿಲ್ಲ. ಇಪ್ಪತ್ತಾರನೆಯ ದಿನದ ಹೊತ್ತಿಗೆ ನನ್ನ ದುಃಖ ಆರು. ಭಾವ ಸಂತೋಷದಿಂದ ಫೋನ್ ಮಾಡಿದರು. "ಈಗ ಸರಿಯಾಯ್ತು ನೋಡು!" ಇನ್ನು ನಾಲ್ಕೇ ದಿನ.

ಆಗ ಕಟ್ಟಡದ ಪಂಪು ಕೆಟ್ಟಿತು.

ಮೊದಲ ದಿನ ತೊಟ್ಟಿಯಲ್ಲಿದ್ದ ನೀರಿನಲ್ಲಿ ಹೇಗೋ ಕಳೆಯಿತು. ಎರಡನೆಯ ದಿನ, ಕೊನೆಯ ನೀರನ್ನು ಯಾರು ಹಿಡಿದಿಟ್ಟುಕೊಂಡರು ಎಂಬ ವಿಚಾರಣೆ ಮೆಟ್ಟಿಲ ಮೇಲೆ ನಡೆಯಿತು. ಹೆಡ್‌ಮಿಸ್ ಟೈಲರನ್ನು ಮೂರು ಬಕೆಟ್ಟಿನ ಕಳ್ಳ ಎಂದರು. ಟೈಲರನ ಹೆಂಡತಿ ಹೆಡ್‌ಮಿಸ್ಸಿನ ಐದೂಮುಕ್ಕಾಲನ್ನು ಎತ್ತಿ ಆಡಿದರು. ಬ್ರೇಕ್ ಮೇಷ್ಟ್ರು ಮಧ್ಯೆ ಬಂದು ಇಬ್ಬರನ್ನೂ ನಿಲ್ಲಿಸಲು ನೆಲ ಒತ್ತಿದರು, ಯಾರೂ ನಿಲ್ಲಲಿಲ್ಲ. ಅದೇ ಸಂಜೆ ಅವರ ಶಿಷ್ಯನೊಬ್ಬ ಕಾರನ್ನು ಹಣ್ಣಿನ ಗಾಡಿಗೆ ಗುದ್ದಿದ.

ಇಪ್ಪತ್ತೊಂಬತ್ತನೆಯ ದಿನ ಬೆಳಿಗ್ಗೆ ಮಾವ ಮೆಟ್ಟಿಲೇರಿ ಇಳಿದು ಬಂದು ಬಾಗಿಲಲ್ಲಿ ನಿಂತರು. ಮುಖ ಬಿಳಿಚಿಕೊಂಡಿತ್ತು.

"ಎಷ್ಟು ಮಾವ?"

"ಹತ್ತು. ಹತ್ತು. ಹತ್ತು."

ಆರೂವರೆಯಿಂದ ಆರು ಐವತ್ತೆಂಟಾಗುವವರೆಗೆ ಇಬ್ಬರೂ ಗಡಿಯಾರ ನೋಡುತ್ತ ನಿಂತೆವು.

"ಎಂಟು ಹಾಕಿ ಮಾವ. ಇವತ್ತೊಂದಿನ."

ಅವರು ಬೆರಳನ್ನು ಫೋನಿನ ಮೇಲೆ ಎತ್ತಿ ಹಿಡಿದಿದ್ದರು. "ನಿನ್ನ ಮನೆ ಹೋಗುತ್ತೆ ಅಂತ ಗೊತ್ತು ಮಗು. ರಾತ್ರಿ ನಿದ್ದೆಗಣ್ಣಲ್ಲೂ ಅದೇ ಜಪ ಮಾಡ್ತಿದೀನಿ. ಆದ್ರೆ ಮೂರೂ ಮನೇಲಿ ಹತ್ತು ಇರೋವಾಗ..." ಗುಂಯ್ ಎಂದಿತು. ಬೆಚ್ಚಿದ ಬೆರಳು, ಮೂವತ್ತನಾಲ್ಕು ವರ್ಷ ನಡೆದ ದಾರಿಯಲ್ಲೇ ನಡೆದು, ಹತ್ತನ್ನು ಒತ್ತಿತು. ಕಾರಣ ಬರೆಯುವುದನ್ನಾದರೂ ಬಿಡಬಹುದಿತ್ತು. ಬಿಡಲಿಲ್ಲ: 'ಎರಡು ದಿನದಿಂದ ಎಲ್ಲ ಒಣಗಿದೆ. ಒಂದು ಹನಿಯೂ ಇಲ್ಲ. ಇನ್ನು ತಡೆಯಲು ಆಗುವುದಿಲ್ಲ.'

ಆಪ್ ಹೂವು ತೋರಿಸಲಿಲ್ಲ.

ಇಪ್ಪತ್ತು ನಿಮಿಷದಲ್ಲಿ ಭಾವ ಮತ್ತು ಓರಗಿತ್ತಿ ಕಾರಿನಲ್ಲಿ ಬಂದರು. ಅವರ ಹಿಂದೆಯೇ ಆಂಬುಲೆನ್ಸ್, ಅದರಲ್ಲಿ ಕೌನ್ಸೆಲರ್, ಸ್ಟ್ರೆಚರ್ ಹಿಡಿದ ಇಬ್ಬರು. ಸ್ಟ್ರೆಚರಿನವರು ಕೆಳಗಿನಿಂದ ಕೂಗಿದರು: "ಹತ್ತು ಅಂತ ಹೇಳಿದ್ದು ಯಾರು?"

ಮೂರು ಬಾಗಿಲೂ ಒಟ್ಟಿಗೆ ತೆರೆದವು.

"ನಾನು!" ಎಂದರು ಹೆಡ್‌ಮಿಸ್, ಮೇಲಿನಿಂದ.

"ಸುಳ್ಳು! ಮೊದಲು ಹೇಳಿದ್ದು ನಾನು!" ಟೈಲರನ ಹೆಂಡತಿ ಚೀಲ ಹಿಡಿದೇ ಹೊರಬಂದರು. "ಇಷ್ಟು ವರ್ಷಕ್ಕೆ ನಂಗೋಸ್ಕರ ಒಂದು ಗಾಡಿ ಬಂದಿದೆ. ಅದ್ಯಾರು ಹತ್ತುತಾರೋ ನೋಡ್ತೀನಿ!"

ಬ್ರೇಕ್ ಮೇಷ್ಟ್ರು ನೇರ ಕೆಳಗಿಳಿದರು. ಬಂದು ಸ್ಟ್ರೆಚರಿನ ಮೇಲೆ ಮಲಗಿ ಕಣ್ಣು ಮುಚ್ಚಿದರು. ಬಲಗಾಲು ಮಾತ್ರ ಇನ್ನೂ ಒತ್ತುತ್ತಿತ್ತು.

ಇತ್ತ ನಮ್ಮ ಮನೆಯಲ್ಲಿ ಓರಗಿತ್ತಿ ಆಗಲೇ ಬೀರು ತೆರೆದಿದ್ದರು. "ಮಾತು ಅಂದ್ರೆ ಮಾತು. ಎಚ್ಚರಿಕೆ ಬಂತು, ಹೊರಡು. ರೀ, ಬಟ್ಟೆ ತುಂಬೋಕೆ ಏನಾದ್ರೂ ಇಳಿಸ್ರೀ!" ಭಾವ ಸ್ಟೂಲ್ ಹತ್ತಿ ಅಟ್ಟದಿಂದ ಒಂದು ನೀಲಿ ಸೂಟ್‌ಕೇಸ್ ಎಳೆದರು. ಎಳೆದವರು ಅದನ್ನು ಹಿಡಿದುಕೊಂಡೇ ಸ್ಟೂಲಿನ ಮೇಲೆ ನಿಂತರು.

"ಇದು ನಮ್ಮದಲ್ವೇನೇ?"

"ಅಯ್ಯೋ! ಎರಡು ವರ್ಷದಿಂದ ಹುಡುಕ್ತಿದೀನಿ!" ಓರಗಿತ್ತಿ ಕಿರುಚಿದರು. "ಪಾಪ, ಬಣ್ಣ ಬಳಿಯೋಕೆ ಬಂದಿದ್ದವರ ಮೇಲೆ ಅನುಮಾನ ಪಟ್ಟು ಬೈದು ಕಳಿಸಿದ್ದೆ!"

ಅದು ನನ್ನ ಗಂಡ ಒಂದು ಇಂಟರ್‌ವ್ಯೂಗೆ ಹೋಗುವಾಗ ಅಣ್ಣನ ಮನೆಯಿಂದ ಹೇಳದೆ ತಂದದ್ದು. ಕೆಲಸ ಸಿಗಲಿಲ್ಲ, ಸೂಟ್‌ಕೇಸ್ ವಾಪಸ್ ಹೋಗಲಿಲ್ಲ. ಯಾರೂ ನನ್ನನ್ನು ಕೇಳಲಿಲ್ಲ, ನಾನೂ ಹೇಳಲಿಲ್ಲ. ಓರಗಿತ್ತಿ ಕಿರುಚುತ್ತಲೇ ಅದರೊಳಕ್ಕೆ ನನ್ನ ಸೀರೆಗಳನ್ನು ತುರುಕಿದರು.

ಕೌನ್ಸೆಲರ್ ಮೆಟ್ಟಿಲ ಗಲಾಟೆ ದಾಟಿ ಒಳಗೆ ಬಂದಾಗ ಅವರ ಕೈಯಲ್ಲಿ ಮಾವ ಒಪ್ಪಿಸಿದ ನೋಟ್‌ಬುಕ್ ಇತ್ತು. ಪುಟ ತಿರುವಿದರು. "ಕ್ಲಚ್ಚು," ಎಂದರು. ಇನ್ನೊಂದು ಪುಟ. "ಪ್ಯಾಂಟು." ಅವರು ಅಲ್ಲೇ ಕುರ್ಚಿಯಲ್ಲಿ ಕೂತುಬಿಟ್ಟರು. "ನಾನು ನಿಮ್ಮ ಕ್ಲಚ್ಚಿನ ಬಗ್ಗೆ ನಮ್ಮ ಡಾಕ್ಟರ ಹತ್ರ ಅರ್ಧ ಗಂಟೆ ಮಾತಾಡಿದ್ದೆ."

"ಅವಳು ಬೀಗ ಹಾಕಿದ್ದಳು ಮೇಡಂ," ಮಾವ ಕೈಮುಗಿದರು. "ತಪ್ಪು ನಂದು. ಅವಳ ಮನೆ ಕಿತ್ಕೋಬೇಡಿ. ಬೇಕಾದ್ರೆ ನನ್ನ ಮೇಲೆ ರಿಪೋರ್ಟ್ ಬರೀರಿ."

ಕೌನ್ಸೆಲರ್ ಫೋನ್ ತೆಗೆದುಕೊಂಡು ಹತ್ತರ ಅಂಕಿಯ ಕೆಳಗೆ ಬೆರಳಿಟ್ಟು ಪರದೆಯನ್ನು ಮೇಲಕ್ಕೆ ಸರಿಸಿದರು. ಅಲ್ಲಿ ಇನ್ನೊಂದು ಗುಂಡಿಯಿತ್ತು. 'ಇವತ್ತು ಹೇಳಲಾರೆ.'

"ಇದನ್ನ ಒತ್ತಿದ್ರೆ ಸಾಕಿತ್ತು. ಮೂವತ್ತು ದಿನವೂ."

ಮಾವ ಬಗ್ಗಿದರು. ಟಾರ್ಚ್ ಬಿಟ್ಟರು. ಇತ್ತು. ಅವರು ಬಹಳ ಹೊತ್ತು ಆ ಗುಂಡಿಯನ್ನು ನೋಡಿದರು. ವೃತ್ತಿಜೀವನದಲ್ಲಿ ಇಂಥ ಒಂದು ಗುಂಡಿಗಾಗಿ ಅವರು ಎಷ್ಟು ಬಾಗಿಲುಗಳ ಮುಂದೆ ಕಾದಿದ್ದರೋ.

ಕೌನ್ಸೆಲರ್ ನನ್ನ ಕಡೆ ತಿರುಗಿದರು. "ನಿಮ್ಮದೆಷ್ಟು?"

"ಗೊತ್ತಾಗ್ತಿಲ್ಲ."

"ಅತ್ತಿರಾ?"

"ಇಲ್ಲ." ಓರಗಿತ್ತಿ ಬಾಯಿಗೆ ಕೈ ಇಟ್ಟುಕೊಂಡರು.

"ಅಳು ಬರದಿದ್ರೂ ಆಗುತ್ತೆ," ಎಂದರು ಕೌನ್ಸೆಲರ್. "ಎಲ್ಲಿರಬೇಕು ಅನ್ಸುತ್ತೆ ನಿಮಗೆ?"

"ಇಲ್ಲೇ." ಇದಕ್ಕೆ ಯಾರ ಸರಾಸರಿಯೂ ಬೇಕಾಗಲಿಲ್ಲ.

"ಹಾಗಾದ್ರೆ ವಾರಕ್ಕೆರಡು ಸಲ ನಾನೇ ಇಲ್ಲಿಗೆ ಬರ್ತೀನಿ. ಅಂಕಿ ಬೇಡ, ಮಾತಾಡೋಣ." ಆಮೇಲೆ ಭಾವನಿಗೆ: "ಯಾರು ಯಾವ ಮನೇಲಿರಬೇಕು ಅಂತ ಹೇಳೋಕೆ ಆ ಆಪ್ ಇಟ್ಟಿಲ್ಲ ಸರ್."

"ನಾನೇನು ಅವಳಿಗೆ ಕೆಟ್ಟದ್ದು ಬಯಸ್ತೀನಾ?" ಭಾವನ ದನಿ ಏರಿತು. "ಒಬ್ಬಳೇ ಇರ್ತಾಳೆ. ಅವನಿದ್ದಿದ್ರೆ..."

ಅವರು ಅಲ್ಲಿಗೇ ನಿಲ್ಲಿಸಿ ಸೂಟ್‌ಕೇಸಿನ ಹಿಡಿಕೆ ಸವರಿದರು. ಮಾವ ಅಭ್ಯಾಸಬಲದಿಂದ ಪೆನ್ನು ತೆಗೆದು ಮೆಲ್ಲಗೆ ಕೇಳಿಬಿಟ್ಟರು: "ನಿಮ್ಮದೆಷ್ಟು ಸರ್, ಹತ್ತಕ್ಕೆ?"

ಭಾವ ಆ ಪೆನ್ನನ್ನು ನೋಡಿದರು. ಸೂಟ್‌ಕೇಸಿನ ಪಕ್ಕ ನೆಲದ ಮೇಲೆ ಕೂತರು. ಓರಗಿತ್ತಿಯೂ ಬಂದು ಅವರ ಪಕ್ಕ ಕೂತರು. ಕೌನ್ಸೆಲರ್ ಫೋನನ್ನು ಭಾವನ ಮುಂದೆ ಹಿಡಿದರು. ಅವರು ಕಣ್ಣೊರೆಸಿಕೊಂಡು, ಕೆಳಗಿನ ಗುಂಡಿಯನ್ನು ಒತ್ತಿದರು.

ಕೆಳಗೆ ಟೈಲರನ ಹೆಂಡತಿ ಆಂಬುಲೆನ್ಸಿನ ಮುಂದಿನ ಸೀಟಿನಲ್ಲಿ ಕೂತಾಗಿದೆ, ಇಳಿಯುವುದಿಲ್ಲವಂತೆ ಎಂದು ಯಾರೋ ಬಂದು ಹೇಳಿದರು. ಕೌನ್ಸೆಲರ್ ಎದ್ದು ಹೋದರು.

ನಾನು ಸೂಟ್‌ಕೇಸಿನಿಂದ ಸೀರೆಗಳನ್ನು ತೆಗೆದು ಬೀರುವಿನಲ್ಲಿಟ್ಟೆ. ತಳದಲ್ಲಿ ಇಂಟರ್‌ವ್ಯೂಗೆ ಕೊಂಡೊಯ್ದಿದ್ದ ಬಿಳಿ ಅಂಗಿ ಇತ್ತು. ಅದನ್ನೂ ತೆಗೆದೆ. ಬಟ್ಟೆ ಒದ್ದೆ ಮಾಡಲು ನೀರಿರಲಿಲ್ಲ, ಒಣ ಬಟ್ಟೆಯಲ್ಲೇ ಮೇಲಿನ ಧೂಳು ಒರೆಸಿದೆ. ಬೀಗಗಳನ್ನು ಒತ್ತಿ ಭಾವನ ಮುಂದೆ ನಿಲ್ಲಿಸಿದೆ. ಅದು ಒಂದು ಕಡೆಗೆ ವಾಲಿತು.

"ಚಕ್ರ ಮುರಿದಿದೆ," ಎಂದರು ಭಾವ.

"ಹೌದು. ಸರಿ ಮಾಡಿಸೋವರೆಗೆ ಅಣ್ಣನಿಗೆ ಹೇಳಬೇಡ ಅಂದಿದ್ರು."

ಭಾವ ಮುರಿದ ಚಕ್ರವನ್ನು ಬೆರಳಲ್ಲಿ ಒಂದು ಸುತ್ತು ತಿರುಗಿಸಿದರು.

"ತಗೊಳ್ಳಿ ಭಾವ," ಎಂದು ನಾನು ಹಿಡಿಕೆಯನ್ನು ಅವರ ಕೈಗೆ ಕೊಟ್ಟೆ. "ಖಾಲಿ ಇದೆ. ಭಾರ ಇಲ್ಲ."